ಕಾರು ಕೆಟ್ಟಿರಲಿಲ್ಲ

ಸೇಂಟ್ ಇಗ್ನೇಸ್, ಮಿಶಿಗನ್
ಅಕ್ಟೋಬರ್ 14, ಮಂಗಳವಾರ

ಎಲ್ವಿ,

‘ಪ್ರೀತಿಯ’ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಬೇಕಿದ್ದರೆ ನೀನೇ ಸೇರಿಸಿಕೊಂಡು ಓದು.

ಕೆಟ್ಟು ನಿಂತ ಕಾರುಗಳನ್ನು ಎಳೆದು ತಂದೇ ಮನೆ ಕಟ್ಟಿಕೊಂಡವಳು ನಾನು. ಅಂಥವಳಿಗೆ ಫೋನ್ ಮಾಡಿ, ಸೇತುವೆಯ ಆ ತುದಿಯಲ್ಲಿ ಕಾರು ಕೆಟ್ಟಿದೆ, ಅಮ್ಮನ ಹುಟ್ಟುಹಬ್ಬಕ್ಕೆ ಬರಲಾಗುವುದಿಲ್ಲ ಎಂದೆಯಲ್ಲ, ನಾನು ಅಯ್ಯೋ ಪಾಪ ಎಂದು ಕೇಕು ಕತ್ತರಿಸುತ್ತೇನೆ ಅಂದುಕೊಂಡೆಯಾ? ನಮ್ಮ ಗ್ಯಾರೇಜಿನ ಕ್ಲಿಫ್‌ನನ್ನು ಕಾರು ಎಳೆಯುವ ಲಾರಿ ಕೊಟ್ಟು ಅಲ್ಲಿಗೆ ಓಡಿಸಿದೆ.

ಅವನು ಬರಿಗೈಯಲ್ಲಿ ವಾಪಸು ಬಂದ. “ಎಂಜಿನ್‌ಗೇನೂ ಆಗಿಲ್ಲ ಮೇಡಂ, ಜುಮ್ಮಂತ ಓಡ್ತಿದೆ. ನಿಮ್ ತಂಗಿ ಸ್ಟೇರಿಂಗ್ ಹಿಡ್ಕೊಂಡು ನಡುಗ್ತಾ ಕೂತಿದ್ರು. ಅಕ್ಕಂಗೆ ಹೇಳ್ಬೇಡ ಅಂದ್ರು” ಎಂದ. ನನ್ನ ಸಂಬಳ ತಿನ್ನುವವನಿಗೆ ಹೇಳುವ ಮಾತೇ ಅದು?

ನೀನು ಹೆದರಿದ್ದಕ್ಕೆ ಸಿಟ್ಟಿಲ್ಲ. ಗಾಳಿ ಬೀಸುವಾಗ ನೀರಿನ ಮೇಲಿನ ಆ ಐದು ಮೈಲಿ ಸೇತುವೆಯಲ್ಲಿ ನನ್ನ ಅಂಗೈಯೂ ಬೆವರುತ್ತದೆ. ಆ ಭಯ ಕೆಲಸಕ್ಕೆ ಬರುತ್ತದೆ, ಲಾರಿಯನ್ನು ನಿಧಾನ ಮಾಡಿಸುತ್ತದೆ, ದಡ ಮುಟ್ಟಿದ ಮೇಲೆ ಇಳಿದುಹೋಗುತ್ತದೆ. ನಿನ್ನದು ಮನೆಯಲ್ಲಿ ಕೂತರೂ ಇಳಿಯುವುದಿಲ್ಲ. ಮೊದಲು ಸೇತುವೆ ಬಿಟ್ಟೆ, ಆಮೇಲೆ ಮಾರುಕಟ್ಟೆ, ಈಗ ಪಕ್ಕದ ಬೀದಿಯ ಚರ್ಚೂ ಇಲ್ಲವಂತೆ. ರಾತ್ರಿ ನಿದ್ದೆಯಿಲ್ಲವಂತೆ. ಎದೆ ಹಿಡಿದುಕೊಂಡಿತೆಂದು ಆಸ್ಪತ್ರೆಗೆ ಹೋದಾಗ, ಹೃದಯ ಸರಿಯಾಗಿದೆ, ಇದು ಆತಂಕದ ಕಾಯಿಲೆ, ಚಿಕಿತ್ಸೆಯಿದೆ, ಬನ್ನಿ ಎಂದರಂತೆ. ನೀನು ಹೋಗಲಿಲ್ಲವಂತೆ.

ಇಷ್ಟನ್ನು ನಿನ್ನ ಗಂಡ ವೆಂಡೆಲ್ ಬಾಯಿಬಿಟ್ಟದ್ದು ನಾನು ಕೂಗಾಡಿದ ಮೇಲೆ. “ಅವಳಿಗೆ ಕಷ್ಟ ಆಗ್ಬಾರ್ದು ಅಂತ ಎಲ್ಲಾ ಕಡೆಗೂ ನಾನೇ ಹೋಗ್ತೀನಿ” ಎಂದ, ಪದಕ ಗೆದ್ದವನ ಹಾಗೆ. “ನೀನು ಅವಳನ್ನ ಸಾಕ್ತಿಲ್ಲ ಮಾರಾಯ, ಅವಳ ಭಯಾನ ಸಾಕ್ತಿದ್ದೀಯ” ಎಂದೆ. ಫೋನ್ ಇಟ್ಟುಬಿಟ್ಟ.

ಸೇತುವೆ ಕಚೇರಿಗೂ ಕೇಳಿದೆ. ಹೆದರುವವರ ಕಾರನ್ನು ಅಲ್ಲಿನವರೇ ಓಡಿಸಿ ದಾಟಿಸುತ್ತಾರೆ. ನನ್ನ ಗೆಳತಿಯೊಬ್ಬಳಿಗೆ ಬೇಕು ಎಂದೆ. “ಎಲ್ರೂ ಗೆಳತಿಗೇ ಕೇಳೋದು ಕಣಮ್ಮ, ಲಾರಿ ಡ್ರೈವರುಗಳೂ” ಎಂದು ನಕ್ಕಳು ಅಲ್ಲಿ ಫೋನ್ ಎತ್ತಿದಾಕೆ. ಆದರೆ ದಾಟಿಸುವುದು ಒಂದು ದಿನದ ಮಾತು. ಎಳೆದು ತರುವುದು ರಿಪೇರಿಯಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಿಪೇರಿ ಡಾಕ್ಟರ ಹತ್ತಿರವೇ. ಈ ವಾರವೇ ಹೋಗು.

ಅಮ್ಮನಿಗೆ ಮುಖಗಳು ಮರೆತುಹೋಗುತ್ತಿವೆ. ಮೊನ್ನೆ ನನ್ನನ್ನು ನರ್ಸ್ ಅಂದುಕೊಂಡಳು. ನಿನ್ನ ಹೆಸರು ಹಿಡಿದು ಮಾತ್ರ ಇನ್ನೂ ಕೇಳುತ್ತಾಳೆ. ನಿನ್ನ ಕಾಯಿಲೆ ಕಾಯುತ್ತದೆ, ಅವಳದು ಕಾಯುವುದಿಲ್ಲ.

ಸಿಟ್ಟಿನಿಂದಲೇ,
ನಿನ್ನ ಅಕ್ಕ
ಇರ್ಯಾ

ಮರೆತಿದ್ದೆ: ಹುಟ್ಟುಹಬ್ಬದ ದಿನ ಅಮ್ಮ ಬಾಗಿಲು ನೋಡುತ್ತ ಕೂತಿದ್ದಳು. ಕ್ಲಿಫ್ ಬಂದು ನಿಜ ಹೇಳಿದ ಮೇಲೂ ನಾನು ಎಲ್ವಿಯ ಕಾರು ಕೆಟ್ಟಿದೆ ಎಂದೆ. ನಂಬಲೆಂದು ಯಾವ ಭಾಗ ಹೋಗಿದೆ ಎಂಬುದನ್ನೂ ಸೇರಿಸಿದೆ. ನಿನಗಿಂತ ಚೆನ್ನಾಗಿ ಹೇಳಿದೆ. ಹಾಗಾಗಿ ಮೇಲೆ ವೆಂಡೆಲ್‌ಗೆ ಬೈದದ್ದರಲ್ಲಿ ಅರ್ಧ ನನಗೂ ಸಲ್ಲುತ್ತದೆ. ಭಾನುವಾರ ನೋಡಲು ಹೋದಾಗ ಅವಳು ಮತ್ತೆ ಕೇಳುತ್ತಾಳೆ, ನಾನು ನಿಜ ಹೇಳುತ್ತೇನೆ. ಅದಕ್ಕೆ ಮೊದಲು ನೀನೇ ಫೋನ್ ಮಾಡಿ, ಅಮ್ಮಾ ನನಗೆ ಹೆದರಿಕೆಯಾಗುತ್ತದೆ ಎಂದು ಹೇಳು. ಅದನ್ನು ಕೇಳಿಸಿಕೊಳ್ಳುವುದು ಅವಳಿಗಿನ್ನೂ ಬರುತ್ತದೆ.