ಫಕ್ಕೀರವ್ವನ ಗೆಳತಿ ಮೆಹರುನ್ನೀಸಾಗೆ

ಹುಬ್ಬಳ್ಳಿ, ಫೆಬ್ರವರಿ ೩೦, ೨೧೬೩

ಪ್ರೀತಿಯ ಮೆಹರುನ್ನೀಸಾ ಅಜ್ಜಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಮೂವತ್ತು ದಿನ ಬಂದದ್ದು ನಿಮ್ಮ ಕಾಲದ ನಂತರ. ನನ್ನ ಕನ್ನಡ ವಿಚಿತ್ರವೆನಿಸಿದರೂ ಕ್ಷಮಿಸಿ. ನಾನು ನಿಮ್ಮ ಗೆಳತಿ ಫಕ್ಕೀರವ್ವನ ಮರಿಮಗಳ ಮೊಮ್ಮಗಳು.

ಇಲ್ಲಿ ಓಣಿಗೊಂದು ‘ಹನಿಕಟ್ಟೆ’ ಇದೆ. ಬೆರಳಿನಿಂದ ಒಂದು ಹನಿ ರಕ್ತ ಕೊಟ್ಟರೆ ಮೈಯಲ್ಲಿರುವ ಎಲ್ಲ ವೈರಸ್ಸುಗಳನ್ನೂ ಒಟ್ಟಿಗೇ ಹೇಳುತ್ತದೆ. ತರಕಾರಿಗೆ ಹೋದವರು ಚೀಲ ಕೆಳಗಿಟ್ಟು ಬೆರಳು ಚಾಚುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ.

ನಿಮ್ಮ ಕಾಲದಲ್ಲಿ ಹಾಗಿರಲಿಲ್ಲ. ನೀವಿಬ್ಬರೂ ಎಚ್‌ಐವಿ ಮಾತ್ರೆಯ ಸಾಲಿನಲ್ಲಿ ಪರಿಚಯವಾಗಿ, ಹನ್ನೊಂದು ವರ್ಷ ಒಬ್ಬರ ಬುತ್ತಿ ಒಬ್ಬರು ಉಂಡವರು. ಫಕ್ಕೀರವ್ವ ಗಿರಮಿಟ್ ಮಾರುತ್ತಿದ್ದಳು. ಮಾತ್ರೆ ತಪ್ಪಿಸದಿದ್ದರೂ ಒಂದು ವರ್ಷ ಅವಳಿಗೆ ವಿಪರೀತ ಸುಸ್ತು. ಹೆಪಟೈಟಿಸ್ ಸಿ ಎಂಬ ಇನ್ನೊಂದು ವೈರಸ್ ಲಿವರಿಗೆ ಸೇರಿರಬಹುದು, ಪರೀಕ್ಷೆ ಮಾಡಿಸು ಎಂದರು ಡಾಕ್ಟರು. ಅವಳು ಒಪ್ಪಲಿಲ್ಲ.

“ಒಂದು ರೋಗದ ಹೆಸರು ಹೊತ್ತದ್ದು ಸಾಲದೇನ? ಇನ್ನೊಂದು ಗೊತ್ತಾದ್ರ ನನ್ನ ಕೈಯಾಗಿನ ಗಿರಮಿಟ್ ಯಾರ ತಿಂತಾರ?”

ನೀವು ಬೇಡಿಕೊಂಡಿರಿ, ಬೈದಿರಿ, ಕಡೆಗೆ ಅವಳ ಮಗಳು ಕಸ್ತೂರಿಗೆ ಹೇಳಿಬಿಟ್ಟಿರಿ. ಫಕ್ಕೀರವ್ವ ಸಿಡಿದೆದ್ದಳು. “ನನ್ನ ಮಾತು ನನ್ನ ಮಗಳ ಮುಂದ ಆಡಿದಿ. ಇನ್ನ ನನ್ನ ಮನಿಗೆ ಬರಬ್ಯಾಡ!” ಅದೇ ತಿಂಗಳು ನೀವು ಅಣ್ಣನ ಮನೆಗೆಂದು ಸೊಲ್ಲಾಪುರಕ್ಕೆ ಹೋದಿರಿ. ಮುಂದೆ ನಡೆದದ್ದು ನಿಮಗೆ ತಿಳಿಯಲೇ ಇಲ್ಲ. ಅದಕ್ಕೇ ಈ ಪತ್ರ.

ಕಸ್ತೂರಿ ಊಟ ಬಿಟ್ಟು ಕೂತಳು. “ಯವ್ವಾ, ನೀ ರಕ್ತ ಕೊಡು, ನಾ ಉಣ್ತೀನಿ.” ಮೂರನೆಯ ದಿನ ತಾಯಿ ಸೋತಳು. ವೈರಸ್ ಇತ್ತು. ಎಚ್‌ಐವಿ ಮಾತ್ರೆಯ ಜೊತೆಗೇ ಹನ್ನೆರಡು ವಾರ ಇನ್ನೊಂದು ಮಾತ್ರೆ ನುಂಗಿದಳು. ಅದು ಮುಗಿದ ಮೂರು ತಿಂಗಳ ಬಳಿಕ ನೋಡಿದರೆ ಹೆಪಟೈಟಿಸ್ ಪೂರ್ತಿ ಹೋಗಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನಿಂತು ನಿಮಗೆ ಫೋನ್ ಮಾಡಿದಳು. ನಂಬರು ಬದಲಾಗಿತ್ತು. ಸೊಲ್ಲಾಪುರಕ್ಕೂ ಹೋಗಿ ಓಣಿ ಓಣಿ ಕೇಳಿದಳು. ನೀವು ಸಿಗಲಿಲ್ಲ.

ಅಂದಿನಿಂದ ಮಾತ್ರೆಯ ಸಾಲಿನಲ್ಲಿ ಯಾರಾದರೂ ಬಳಲಿದಂತೆ ಕಂಡರೆ, ತಾನೇ ಪಕ್ಕದಲ್ಲಿ ಕೂತು ತನ್ನ ಕತೆ ಹೇಳಿ ಪರೀಕ್ಷೆಗೆ ಒಪ್ಪಿಸುತ್ತಿದ್ದಳು. ಎಂಬತ್ತೊಂದು ವರ್ಷ ಬದುಕಿದಳು. ಬೀಗರು ಮುಖ ಕಿವುಚಿದರೂ ಕಸ್ತೂರಿಯ ಮೊದಲ ಮಗಳಿಗೆ ಮೆಹರು ಎಂದೇ ಹೆಸರಿಟ್ಟಳು.

ಕೊನೆಗಾಲದಲ್ಲಿ ನಿಮಗೆಂದು ಅವಳು ತನ್ನ ದನಿಯಲ್ಲೇ ಮುದ್ರಿಸಿಟ್ಟ ಮಾತನ್ನು ಮನೆಯವರೆಲ್ಲ ಕೇಳಿದ್ದೇವೆ, ನೀವೊಬ್ಬರ ಹೊರತು. ಇದ್ದ ಹಾಗೇ ಬರೆಯುತ್ತಿದ್ದೇನೆ:

“ಮೆಹರು, ನೀ ಬಾಯಿ ಬಿಟ್ಟಿದ್ದಕ್ಕ ನಾ ಮೊಮ್ಮಕ್ಕಳನ್ನ ಎತ್ತಿ ಆಡಿಸಿದೆ. ನಂದು ತಪ್ಪಾತವಾ. ಎಲ್ಲೇ ಇದ್ರೂ ನಿನ್ನ ಮಾತ್ರಿ ತಪ್ಪಸಬ್ಯಾಡ.”

ನಿಮ್ಮ,
ಹೊನಲು