ಇದು ಯಾರ ಕೈ?

ಬೋರಗಾಂವ,
ಶುಕ್ರವಾರ

ಮಗಳು ಮಸರತಳಿಗೆ ಸಲಾಮ್.

ಫೋನ್ ಮಾಡಲು ಧೈರ್ಯ ಸಾಲದೆ ಬರೆಯುತ್ತಿದ್ದೇನೆ. ಹತ್ತು ದಿನದ ಹಿಂದೆ ನಿನ್ನ ಅಮ್ಮಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಎರಡೂ ಬಿದ್ದುಹೋಗಿವೆ. ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಆಮೇಲೆ ಅವಳ ಎಡಗೈಯನ್ನೇ ಎತ್ತಿ ಅವಳ ಮುಂದೆ ಹಿಡಿದರು.

"ಇದು ಯಾರ ಕೈರಿ, ಯಮ್ಮಾ?"

"ನಮ್ಮ ಮಸರತಂದ್ರಿ. ಈಗಷ್ಟ ಮಲಗ್ಯಾಳ, ಎಬ್ಬಸಬ್ಯಾಡ್ರಿ," ಎಂದಳು.

ಮೆದುಳಿನ ಬಲಭಾಗಕ್ಕೆ ಏಟು ಬಿದ್ದರೆ ಕೆಲವರಿಗೆ ತಮ್ಮ ಕೈಯೇ ತಮ್ಮದೆನಿಸುವುದಿಲ್ಲವಂತೆ. ದಿನವೆಲ್ಲ ಆ ಕೈಯನ್ನು ಸವರುತ್ತ ಕೂರುತ್ತಾಳೆ. ನೀನು ಬಾಳೇಶನನ್ನು ಮದುವೆಯಾದ ದಿನ, ಈ ಮನೆಯಲ್ಲಿ ನಿನ್ನ ಹೆಸರು ಎತ್ತಕೂಡದೆಂದು ಹೇಳಿದವನು ನಾನು. ಮೂರು ವರ್ಷ ಅವಳು ಎತ್ತಿರಲಿಲ್ಲ.

ರಾಯಬಾಗದಿಂದ ಬೆಳಗಿನ ಬಸ್ಸಿಗೇ ಬಾ. ಬಾಳೇಶನನ್ನೂ ಕರೆದುಕೊಂಡು ಬಾ. ಎಡಗಡೆ ನಿಂತವರು ಅವಳ ಗಮನಕ್ಕೆ ಬರುವುದಿಲ್ಲ, ಅದಕ್ಕೆ ಬಲಗಡೆ ಕುಳಿತು ಮಾತನಾಡಿಸು. ಅನ್ನ ಸಣ್ಣ ತುತ್ತು ಮಾಡಿ ಉಣಿಸಬೇಕು.

ನಾನು ಮನೆಯ ಹಿಂದಿನ ಮಗ್ಗದ ಶೆಡ್ಡಿನಲ್ಲಿ ಇರುತ್ತೇನೆ. ನೀನು ಕರೆದರೆ ಮಾತ್ರ ಒಳಗೆ ಬರುತ್ತೇನೆ.

ನಿನ್ನ ಅಬ್ಬಾ,
ಬಾಬುಸಾಬ