ಹಿಟ್ಟಿನ ಡಬ್ಬಿಯ ಮುಚ್ಚಳ

ಅಮ್ಮನವರಿಗೆ ನಮಸ್ಕಾರ,

ಹಾಸ್ಟೆಲಿನಲ್ಲಿ ನಿಮ್ಮ ಮಗನ ಜೊತೆ ಒಂದೇ ಕೋಣೆಯಲ್ಲಿದ್ದವನು ನಾನು. ಮಣ್ಣು ಮಾಡಿದ ದಿನ ನಿಮ್ಮ ಹಿಂದೆಯೇ ನಿಂತಿದ್ದೆ.

ಅವನ ಬಟ್ಟೆ, ಪುಸ್ತಕ ಎಲ್ಲ ಈ ಟ್ರಂಕಿನಲ್ಲಿವೆ. ತಳದಲ್ಲಿ ನೀವು ಮನೆಯೆಲ್ಲ ಹುಡುಕಾಡಿದ ಹಿಟ್ಟಿನ ಡಬ್ಬಿಯ ಮುಚ್ಚಳವಿದೆ. ಫ್ರಿಸ್ಬಿ ತಂಡ ಕಟ್ಟೋಣ ಅಂದವನು ಅವನೇ. ಎಸೆದು ಹಿಡಿಯುವ ಡಿಸ್ಕನ್ನು ಕಾಲೇಜು ಕೊಡಿಸಲಿಲ್ಲ, ಅದಕ್ಕೇ ಇದನ್ನು ನಿಮಗೆ ಹೇಳದೆ ಎತ್ತಿಕೊಂಡು ಬಂದ. ಕ್ರಿಕೆಟ್ ಹುಡುಗರು "ಡಬ್ಬಿ ಎಲ್ರೋ?" ಅಂತ ರೇಗಿಸಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ಅವನೇ.

ಮುಚ್ಚಳ ಸದಾ ಎಡಕ್ಕೆ ಎಳೆಯುತ್ತಿತ್ತು. ಹಾಗಾಗಿ ನಾವೆಲ್ಲ ಬಲಕ್ಕೆ ಗುರಿಯಿಟ್ಟು ಎಸೆಯುವುದನ್ನೇ ಕಲಿತೆವು. ಗಾಳಿ ಬೀಸಿದರೆ ಮಾತ್ರ ಅದು ತಿರುಗದೆ ಮೈದಾನದ ಬಲಗಡೆಯ ಗೋಡೆಗೆ ನುಗ್ಗುತ್ತಿತ್ತು. "ಒಡೆದ್ರೆ ಅಮ್ಮ ನನ್ನ ಮನೆಗೇ ಸೇರಿಸಲ್ಲ ಕಣ್ರೋ" ಅಂತ ಅವನು ಅದನ್ನು ಹಿಡಿಯಲು ಆ ಗೋಡೆಯ ಪಕ್ಕವೇ ಕಾಯುತ್ತಿದ್ದ.

ಕಾಲೇಜಿನವರನ್ನು ಕೇಳಿ ಕೇಳಿ ಅವನಿಗೆ ಸಾಕಾಗಿದ್ದ ಹೊಸ ಡಿಸ್ಕ್ ಮೊನ್ನೆ ಬಂತು, ಆ ಹಾಳು ಜ್ವರ ಅವನನ್ನು ಕೊಂಡೊಯ್ದ ಮೇಲೆ. ಅದು ನೆಟ್ಟಗೆ ಹೋಗುತ್ತದೆ, ನಮಗೇ ನೆಟ್ಟಗೆ ಎಸೆಯಲು ಬರುವುದಿಲ್ಲ. ಯಾರು ಎಸೆದರೂ ಆ ಗೋಡೆಗೇ ಹೋಗಿ ಬಡಿಯುತ್ತದೆ. ಅಲ್ಲಿಂದ ಎತ್ತಿಕೊಂಡು ಬರಲು ಯಾರಿಗೂ ಕಾಲು ಏಳುವುದಿಲ್ಲ.

ಒಂದೇ ಕೋರಿಕೆ. ಡಬ್ಬಿಗೆ ಹಾಕುವ ಮೊದಲು ಮುಚ್ಚಳ ತೊಳೆದುಕೊಳ್ಳಿ. ಅಂಚಿನ ಮಣ್ಣಿನಲ್ಲಿ ಅವನ ಬೆರಳಿನ ಗುರುತಿದೆ, ತೊಳೆಯಲು ನಮಗೆ ಮನಸ್ಸಾಗಲಿಲ್ಲ.

ಎಲ್ಲೂ ಒಡೆದಿಲ್ಲಮ್ಮ, ಅವನನ್ನು ಬೈಯಬೇಡಿ.

ಇಂತಿ,
ನಿಮ್ಮ ಮಗನ ಕೋಣೆಯವನು